ಹಾಡಿನಡಿಯ ಸುಂಯ್

ಫೆಬ್ರವರಿ 9

ಇದನ್ನು ಇಲ್ಲೂ ಬರೆಯದೆ ಬಿಡುವವಳಿದ್ದೆ. ನನ್ನ ಹೊರತು ಈ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ. ಆದರೂ ಪೆನ್ನು ಹಿಡಿದು ಮೊದಲು ಬರೆದದ್ದು ನೀರಿನ ಮೋಟಾರು ಕೆಟ್ಟ ವಿಷಯ. ಆ ಹಾಳೆ ಹರಿದು ಹಾಕಿದೆ. ಬರೆಯಬೇಕಾದದ್ದು ಇಷ್ಟೇ: ನನ್ನ ಗಂಡನಿಗೆ ಕಿವಿ ಸರಿಯಾಗಿ ಕೇಳಿಸುತ್ತಿಲ್ಲ.

ಅವರು ಸಿನಿಮಾದ ಸೌಂಡ್ ಮಿಕ್ಸರ್. ಮಾತು, ಹಾಡು, ಹೆಜ್ಜೆ, ಗಾಳಿ ಇವೆಲ್ಲವನ್ನೂ ಒಂದೆಡೆ ಕೂರಿಸಿ, ಯಾವುದು ಎಷ್ಟು ಕೇಳಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಕಿವಿ ಕೇಳದವರಿಗಾಗಿ ಅದೇ ಸದ್ದುಗಳನ್ನು ತೆರೆಯ ಕೆಳಗೆ ಅಕ್ಷರದಲ್ಲಿ ಬರೆಯುವುದು ನನ್ನ ಕೆಲಸ. ಮದುವೆಯಾದ ಹೊಸತರಲ್ಲಿ ಇದನ್ನು ನೆಂಟರಿಗೆ ತಮಾಷೆಯಾಗಿ ಹೇಳುತ್ತಿದ್ದೆವು.

ಅವರು ಮಿಕ್ಸ್ ಮಾಡಿದ ಚಿತ್ರವೊಂದು ಕ್ಯಾಪ್ಷನ್ನಿಗೆಂದು ಇವತ್ತು ನನ್ನ ಕೈಗೇ ಬಂತು. ಅದರಲ್ಲೊಂದು ಹಾಡಿದೆ. ಶುರುವಿನಲ್ಲಿ ಮನೆಮಂದಿಯೆಲ್ಲ ಬಸ್ಸಿನಲ್ಲಿ ಹೋಗುತ್ತ ಚಪ್ಪಾಳೆ ತಟ್ಟಿ ಹಾಡುತ್ತಾರೆ. ಪಿಟೀಲು, ಡೋಲು, ಮಕ್ಕಳ ಕೂಗು, ಏನುಂಟು ಏನಿಲ್ಲ. ಕೊನೆಗೆ ಮನೆ ಮಾರಿಯಾದ ಮೇಲೆ, ಹಳೆಯ ಫ್ರಿಜ್ಜೊಂದನ್ನು ಬಿಟ್ಟು ಎಲ್ಲ ಸಾಗಿಸಿದ ಅಡುಗೆಮನೆಯಲ್ಲಿ ನಾಯಕಿ ಒಲೆ ಉಜ್ಜುತ್ತ ಅದೇ ಹಾಡನ್ನು ಒಬ್ಬಳೇ ಹೇಳಿಕೊಳ್ಳುತ್ತಾಳೆ. ವಾದ್ಯವಿಲ್ಲ. ಚಿತ್ರೀಕರಣದ ಜಾಗದಲ್ಲೇ ಹಿಡಿದ ದನಿ.

ಆ ದನಿಯ ಅಡಿಯಲ್ಲಿ ಸಣ್ಣದೊಂದು ಸದ್ದು ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ನನ್ನ ಹೆಡ್‌ಫೋನೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಅವಳು ಫ್ರಿಜ್ಜಿನ ಬಾಗಿಲು ತೆಗೆದಳು, ಸದ್ದು ಸ್ವಲ್ಪ ದಪ್ಪಗಾಯಿತು, ಮುಚ್ಚಿದಳು, ತೆಳ್ಳಗಾಯಿತು. ಫ್ರಿಜ್ಜಿನ ಸದ್ದು. ಈ ಕೆಲಸ ಕಲಿಯಲು ಬಂದ ಹುಡುಗರೂ ಮೊದಲ ದಿನವೇ ತೆಗೆದು ಹಾಕುವಂಥದ್ದು. ಕಿಟಕಿಯಾಚೆ ಕಾಣುವ ನಾಯಿಯ ಬೊಗಳುವಿಕೆಯನ್ನು ತೆಗೆದಿದ್ದಾರೆ, ಲಾರಿಯ ಗುಡುಗುಡು ತೆಗೆದಿದ್ದಾರೆ. ಇದನ್ನು ಮಾತ್ರ ಬಿಟ್ಟಿದ್ದಾರೆ, ಇದೆಯೆಂದೇ ಗೊತ್ತಿಲ್ಲದ್ದರಿಂದ.

ಕಂಪ್ಯೂಟರಿನ ಪರದೆಯಲ್ಲಿ ಅದು ಗೆರೆಯಾಗಿ ಕಾಣುತ್ತಿತ್ತು, ನೋಡಿದ್ದರೆ. ಅವರು ನೋಡುವುದಿಲ್ಲ. "ಕಣ್ಣಿಂದ ಮಿಕ್ಸ್ ಮಾಡೋ ಜಾತಿ ಅಲ್ಲ ನಾವು" ಅನ್ನುವುದು ಅವರ ದೊಡ್ಡಸ್ತಿಕೆ.

ಈಗ ಒಂದೊಂದೇ ಜೋಡಿಸಿಕೊಳ್ಳುತ್ತಿದ್ದೇನೆ. ಪಕ್ಕದಲ್ಲೇ ಬಡಿದುಕೊಂಡರೂ ಅವರು ಎತ್ತದ ಅತ್ತೆಯ ಫೋನು. ಇತ್ತೀಚೆಗೆ ಹೆಂಗಸರೆಲ್ಲ ಬಾಯೊಳಗೇ ಮಾತಾಡುತ್ತಾರೆಂಬ ದೂರು. ಅಮ್ಮನಿಗಾಗಿ ಎಂದು ಟಿ.ವಿ.ಯ ದನಿ ಏರಿಸುವುದು. ಅತ್ತೆ ಒಮ್ಮೆ ಅಂದಿದ್ದರು, "ನಾನು ಯಾವಾಗ ಕೇಳಿದೆನೋ? ನನ್ನ ಹೆಸರಲ್ಲಿ ನೀನು ಉಣ್ಣಬೇಡ." ನಾನು ಆಗ ನಕ್ಕಿದ್ದೆ.

ಫೆಬ್ರವರಿ 10

ನಮ್ಮ ಕೆಲಸದ ನಿಯಮ ಸರಳ. ಕೇಳಿದ್ದನ್ನು ಬರೆ. ಅನಿಸಿದ್ದನ್ನು ಬರೆಯಬೇಡ. ಸದ್ದಿನ ಮೂಲ ಗೊತ್ತಿದ್ದರೆ ಮೂಲವನ್ನೇ ಬರೆ.

ನಾನು ಬರೆದದ್ದನ್ನು ಪರಿಶೀಲಿಸುವವಳು ಹುಟ್ಟಿದಾಗಿನಿಂದ ಒಂದು ಸದ್ದನ್ನೂ ಕೇಳದವಳು. ತಿದ್ದುಪಡಿಗಳು ಕೆಂಪಕ್ಷರದಲ್ಲಿ ಬರುವುದರಿಂದ ಈ ಪುಸ್ತಕದಲ್ಲಿ ಅವಳು ಕೆಂಪಕ್ಕ. ವರ್ಷಗಳ ಹಿಂದೆ ನಾನು ಒಂದು ಹಾಡಿಗೆ 'ಮನಮಿಡಿಯುವ ಸಂಗೀತ' ಎಂದು ಬರೆದಾಗ ಅವಳಿಂದ ಬಂದ ಉತ್ತರ: "ಯಾರ ಮನ ಮೇಡಂ? ನನ್ನದಾದರೆ ಅದು ಮಿಡಿಯಬೇಕೋ ಬೇಡವೋ ಅಂತ ನಾನು ನೋಡ್ಕೋತೀನಿ. ಯಾವ ವಾದ್ಯ, ಜೋರಾ ಮೆಲ್ಲಗಾ, ಎಲ್ಲಿ ನಿಲ್ಲುತ್ತೆ, ಅಷ್ಟು ಹೇಳಿ ಸಾಕು."

ಇವತ್ತು ಆ ಸದ್ದಿಗೆ ಪದ ಸಿಗದೆ ಮಧ್ಯಾಹ್ನವೆಲ್ಲ ಕೂತಿದ್ದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಓದಿದವಳು ನಾನು. ಮನೆಮಾತಿನ ಸದ್ದುಗಳನ್ನು ದೊಡ್ಡವಳಾದ ಮೇಲೆ, ಅದೂ ಹೊಟ್ಟೆಪಾಡಿಗೆ ಕಲಿತೆ. ಹೆಡ್‌ಫೋನನ್ನು ಅತ್ತೆಯ ಕಿವಿಗಿಟ್ಟು ಏನು ಕೇಳುತ್ತದೆ ಎಂದು ಕೇಳಿದೆ.

"ಯಾರೋ ಹಾಡ್ತಿದ್ದಾಳೆ. ಅವಳ ಹಿಂದೆ ಏನೋ ಸುಂಯ್ ಅಂತಿದೆಯಲ್ಲ," ಅಂದರು. ಎಪ್ಪತ್ತೆಂಟರ ಕಿವಿ, ಯಂತ್ರ ಸಿಕ್ಕಿಸಿಕೊಂಡ ಕಿವಿ. ಅದಕ್ಕೂ ಕೇಳಿತು. "ಯಾವ ಸಿನಿಮಾ? ಇವನದ್ದಾ?"

"ಬೇರೆ ಯಾರದೋ ಅತ್ತೆ."

ಕೊನೆಗೆ ಹೀಗೆ ಬರೆದೆ: 'ಹಾಡಿನ ಅಡಿಯಲ್ಲಿ, ಕೊನೆಯವರೆಗೂ, ನೂಲಿನಷ್ಟು ತೆಳ್ಳಗೆ ಸುಂಯ್.'

ಸಂಜೆ ಕೆಂಪಕ್ಕ ಕೇಳಿದಳು, "ಪದ ಚೆನ್ನಾಗಿದೆ. ಮೂಲ ಏನು?"

ಗೊತ್ತಿಲ್ಲ ಎಂದು ಉತ್ತರಿಸಿದೆ. ಇಡೀ ಸಾಲನ್ನೇ ಬರೆಯದಿದ್ದರೆ ದೊಡ್ಡ ಸುಳ್ಳಾಗುತ್ತಿತ್ತು, ಇದು ಚಿಕ್ಕದು. ಹೀಗೆ ಅಳೆದುಕೊಳ್ಳುವುದು ಸರಿಯೇ ಎಂದು ಗೊತ್ತಿಲ್ಲ.

ಫೆಬ್ರವರಿ 16

ಅವರು ಚಿತ್ರವನ್ನು ಕ್ಯಾಪ್ಷನ್ ಸಮೇತ ನೋಡಿದರು. ಇತ್ತೀಚೆಗೆ ಎಲ್ಲವನ್ನೂ ಹಾಗೇ ನೋಡುತ್ತಾರೆ. "ನಿನ್ನ ಕೆಲಸ ನೋಡ್ಬೇಡ್ವಾ" ಅನ್ನುತ್ತಾರೆ, ನಾನು ಸುಖಪಟ್ಟುಕೊಂಡಿದ್ದೆ.

ಅಡುಗೆಮನೆಯ ಹಾಡು ಬಂತು. ಸಾಲು ಬಂತು. ಅವರು ನಿಲ್ಲಿಸಿದರು.

"ಇದೇನು ಬರೆದಿದ್ದೀಯ?"

"ಸದ್ದು."

"ಎಲ್ಲಿ?"

"ಹಾಡಿನ ಕೆಳಗೆ ರೀ. ಉದ್ದಕ್ಕೂ ಇದೆಯಲ್ಲ."

ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ತಲೆ ಓರೆ ಮಾಡಿ ಕೇಳಿದರು. ಆ ಮುಖ ನನಗೆ ಗೊತ್ತು, ಇಷ್ಟು ವರ್ಷ ಅದನ್ನು ನೋಡಿಯೇ ನಾನು ಆ ಮನುಷ್ಯನನ್ನು ಮೆಚ್ಚಿಕೊಂಡದ್ದು. ಏನೂ ಕೇಳಿಸದಿದ್ದಾಗಲೂ ಅದೇ ಮುಖವಿರುತ್ತದೆಂದು ಇವತ್ತು ತಿಳಿಯಿತು.

"ಹೂಂ," ಅಂದರು. "ಅದು ಇರ್ಲಿ ಅಂತಾನೇ ಬಿಟ್ಟೆ. ನಿನಗೆ ಹಿಡೀತಲ್ಲ, ಪರವಾಗಿಲ್ಲ."

ನಾನು ಏನೋ ಹೇಳಬೇಕಿತ್ತು. ಚಹಾ ಬೇಕಾ ಎಂದು ಕೇಳಿದೆ. ಬೇಕು ಅಂದರು. ಚಹಾ ಅವರಿಗೆ ಕೇಳಿಸುತ್ತದೆ.

ಮಾರ್ಚ್ 21

ಚಿತ್ರ ಬಿಡುಗಡೆಯಾಗಿ ವಾರವಾಯಿತು. ಎಲ್ಲರ ಬಾಯಲ್ಲೂ ಆ ಅಡುಗೆಮನೆಯ ಹಾಡು. ಪತ್ರಿಕೆಯೊಂದು ಚಿತ್ರಗಳಲ್ಲಿ ಹಾಡು ಮನಸ್ಸಿನಲ್ಲಿ ನಿಂತುಬಿಟ್ಟ ಸನ್ನಿವೇಶಗಳ ಬಗ್ಗೆ ಲೇಖನ ಹಾಕಿದೆ, ಅದರಲ್ಲಿ ಇದಕ್ಕೆ ಮೊದಲ ಜಾಗ. 'ಸಂತೋಷದ ಹಾಡೊಂದು ಒಂಟಿಯಾಗಿ ಮರಳುತ್ತದೆ. ಅದರ ಅಡಿಯ ಆ ತೆಳು ಸದ್ದು ನಾಯಕಿ ಅದುಮಿಟ್ಟ ಅಳು' ಎಂದಿದ್ದಾರೆ.

ನಿರ್ದೇಶಕ ಮನೆಗೆ ಬಂದಿದ್ದ. ಎದೆಮಟ್ಟ ಗಡ್ಡ ಬಿಟ್ಟ ಹುಡುಗ, ಅತ್ತೆ ಅವನನ್ನು ಗಡ್ಡ ಅಂತಲೇ ಕರೆಯುತ್ತಾರೆ, ಎದುರಿಗೂ. ಆಗಲೇ ಚಿತ್ರೀಕರಣ ಮುಗಿಸಿದ್ದ ಹೊಸ ಚಿತ್ರಕ್ಕೆ ಮುಂಗಡದ ಕಾಗದ ತಂದಿದ್ದ.

"ಸರ್, ಒಂದು ಹೇಳ್ಲಾ? ಮಿಕ್ಸಿಂಗ್ ದಿನ ಆ ಸದ್ದು ನನಗೂ ಕೇಳಿಸ್ತು. ಫ್ರಿಜ್ಜಿಂದೇನೋ ಉಳ್ಕೊಂಡಿದೆ ಅಂತ ಬಾಯಿ ತನಕ ಬಂತು. ಆದ್ರೆ ನೀವು ಇಟ್ಟಿದ್ದೀರಿ ಅಂದ್ಮೇಲೆ ಏನೋ ಇರುತ್ತೆ, ನಾನ್ಯಾಕೆ ದಡ್ಡ ಅನ್ನಿಸ್ಕೊಳ್ಳಿ ಅಂತ ಸುಮ್ಮನಾದೆ."

ನನ್ನ ಗಂಡ ಅವನ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ನಕ್ಕರು. "ಫ್ರಿಜ್ಜು ಅಲ್ಲವೋ ಅದು. ನೂಲು. ನೂಲಿನಷ್ಟು ತೆಳ್ಳಗೆ ಇರ್ಬೇಕು, ಆದ್ರೆ ಕಡೀಬಾರದು."

ಗಡ್ಡ ಅದನ್ನು ಫೋನಿನಲ್ಲಿ ಬರೆದುಕೊಂಡ.

ಮಾರ್ಚ್ 22

ನೂಲು ನನ್ನದು.

ಏಪ್ರಿಲ್ 12

"ಸುಮ್ಮನೆ ಜೊತೆಗೆ ಬಾ. ಮನೇಲಿ ಕೂತು ಏನ್ಮಾಡ್ತೀಯ?" ಅಂದರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮಿಕ್ಸಿಂಗ್ ಥಿಯೇಟರಿಗೆ ನನ್ನನ್ನು ಕರೆದದ್ದು ಇದೇ ಮೊದಲು.

ದಪ್ಪ ಬಾಗಿಲು, ಕಿಟಕಿಯಿಲ್ಲದ ಗೋಡೆ, ಎದುರಿಗೆ ತೆರೆ, ಮೇಜಿನ ತುಂಬ ಏರಿಸುವ ಇಳಿಸುವ ಗುಂಡಿಗಳು. ಹಿಂದಿನ ಸೋಫಾದಲ್ಲಿ ಗಡ್ಡ. ನಾನು ಅವರ ಎಡಗಡೆ ಕುರ್ಚಿ ಹಾಕಿಕೊಂಡೆ. ಹೊಸ ಚಿತ್ರದ ಮೊದಲ ಹಾಡಿನಲ್ಲಿ ಗಾಯಕಿಯ 'ಸ'ಕಾರಗಳು ಸೂಜಿಯಂತೆ ಚುಚ್ಚುತ್ತಿದ್ದವು. ಅವರು ಇನ್ನೂ ಏರಿಸುತ್ತಲೇ ಇದ್ದರು. ನಾನು ಮೇಜಿನ ಕೆಳಗೆ ಅವರ ಮಂಡಿಯನ್ನು ಬೆರಳಿನಿಂದ ಒತ್ತಿದೆ. ಅವರು ಇಳಿಸಿದರು.

ಒಪ್ಪಂದವೇನೂ ಆಗಲಿಲ್ಲ. ಮಾತೂ ಆಗಲಿಲ್ಲ. ಸಂಜೆಯ ಹೊತ್ತಿಗೆ ಒಂದು ಒತ್ತು ಅಂದರೆ ಇಳಿಸು, ಎರಡು ಅಂದರೆ ಏರಿಸು, ಅಂಗೈ ಇಟ್ಟರೆ ಹಾಗೇ ಬಿಡು. ಗಡ್ಡನಿಗೆ ಗಂಡಹೆಂಡಿರ ಸರಸದಂತೆ ಕಂಡಿರಬೇಕು, "ಮೇಡಂ ಬಂದ್ಮೇಲೆ ಸರ್ ಮೂಡೇ ಬೇರೆ" ಅಂದ.

ಕಾರಿನಲ್ಲಿ ಅವರು ಹೇಳಿದ್ದು, "ಎ.ಸಿ. ಜಾಸ್ತಿ ಇತ್ತು ಅಲ್ವಾ?"

ಮೇ 6

ಶಾಲೆಯಲ್ಲಿದ್ದಾಗ ಸಿನಿಮಾದಲ್ಲಿ ಹಾಡು ಬಂದರೆ ನಾವು ಗೆಳತಿಯರು ಒಬ್ಬರನ್ನೊಬ್ಬರು ನೋಡಿ ಕಣ್ಣು ತಿರುಗಿಸುತ್ತಿದ್ದೆವು. ಇಂಗ್ಲಿಷ್ ಚಿತ್ರಗಳಲ್ಲಿ ಜನ ಸುಮ್ಮಸುಮ್ಮನೆ ಹಾಡುವುದಿಲ್ಲ, ನಮ್ಮವರಿಗೇನು ಬಂದಿದೆ ರೋಗ ಎಂಬುದು ನಮ್ಮ ಬುದ್ಧಿವಂತಿಕೆ. ಅಪ್ಪನಂತೂ ಹಾಡು ಶುರುವಾದರೆ ಸಿಗರೇಟಿಗೆ ಎದ್ದು ಹೋಗುತ್ತಿದ್ದರು. ನಾನು ಮಾತ್ರ ಮನೆಗೆ ಬಂದು ಬಚ್ಚಲಲ್ಲಿ ಅದೇ ಹಾಡು ಹೇಳಿಕೊಳ್ಳುತ್ತಿದ್ದೆ.

ಈಗ ಥಿಯೇಟರಿನಲ್ಲಿ ಕೂತಾಗ ಒಂದು ವಿಷಯ ಅರ್ಥವಾಗುತ್ತಿದೆ. ಜನ ನೆನಪಿಟ್ಟುಕೊಳ್ಳುವುದು ಹಾಡನ್ನಲ್ಲ, ಹಾಡಿನ ಪಕ್ಕದಲ್ಲಿ ಏನಿತ್ತು ಎಂಬುದನ್ನು. ಹೊಡೆತ ಬೀಳುವಾಗ ಪಕ್ಕದ ಮನೆಯ ರೇಡಿಯೋದಲ್ಲಿ ಬರುವ ಪ್ರೇಮಗೀತೆ. ಹೆಣದ ಮುಂದೆ ಯಾರೂ ನಿಲ್ಲಿಸದೆ ಬಿಟ್ಟ ಕುಣಿತದ ಹಾಡು. ಹಾಡನ್ನು ಎಲ್ಲಿ ಕತ್ತರಿಸಬೇಕೆಂದು ಗೊತ್ತಿದ್ದವನಿಗೆ ಹಾಡು ಬರೆದವನಿಗಿಂತ ಹೆಚ್ಚು ಅಧಿಕಾರವಿದೆ.

ಇವತ್ತು ನಾಯಕ ಮಗಳನ್ನು ಬಿಟ್ಟು ಹೋಗುವ ದೃಶ್ಯ. ಹಿನ್ನೆಲೆಯಲ್ಲಿ ಹಾಡು ದೊಡ್ಡದಾಗಬೇಕೆಂದು ಸಂಗೀತ ನಿರ್ದೇಶಕರ ಸೂಚನೆ. ನಾನು ಒಂದು ಸಲ ಒತ್ತಿದೆ. ಅವರು ಇಳಿಸಿದ ಮೇಲೆ ಮತ್ತೊಂದು ಸಲ ಒತ್ತಿದೆ. ಹಾಡು ಕರಗಿ ಹೋಯಿತು, ಬರೀ ಗೇಟಿನ ಚಿಲಕದ ಸದ್ದು ಉಳಿಯಿತು. ಗಡ್ಡ ಎದ್ದು ಬಂದು ನನ್ನ ಗಂಡನ ಕಾಲು ಮುಟ್ಟಿದ.

ಅಲ್ಲಿ ತಪ್ಪೇನೂ ಇರಲಿಲ್ಲ, ತಿದ್ದುವುದಕ್ಕೆ. ನನಗೆ ಹಾಗೆ ಬೇಕಿತ್ತು, ಅಷ್ಟೇ.

ಮೇ 7

ಅವರು ಕಾರಿನಲ್ಲಿ ಕೇಳಿದರು, "ನಿನ್ನೆ ಹಾಡು ಯಾಕೆ ಇಳಿಸಿದ್ದು? ದನಿ ಒಡೀತಿತ್ತಾ?"

"ಹೂಂ ರೀ, ಒಡೀತಿತ್ತು."

ಮೇ 30

ಕೆಂಪಕ್ಕನಿಂದ ಬೇರೊಂದು ಚಿತ್ರದ ಕ್ಯಾಪ್ಷನ್ ಕಡತ ಪೂರ್ತಿ ವಾಪಸ್ಸು ಬಂತು. ಇಂಥದ್ದು ಹಿಂದೆಂದೂ ಆಗಿಲ್ಲ.

"ಮೇಡಂ, ನಲವತ್ತನೇ ನಿಮಿಷದಲ್ಲಿ 'ಹಾಡು ಮೆಲ್ಲಗೆ ಹಿಂದೆ ಸರಿಯುತ್ತದೆ' ಅಂತಿದ್ದೀರಿ. ನನಗೆ ಪರದೆಯ ಮೇಲೆ ಗೆರೆ ಕಾಣುತ್ತೆ. ಹಾಡು ಎಲ್ಲೂ ಸರಿದಿಲ್ಲ, ಇನ್ನೂ ಜೋರಾಗಿದೆ. ಕೇಳಿದ್ದನ್ನು ಬರೆದಿದ್ದೀರೋ, ಕೇಳಬೇಕಿತ್ತು ಅಂದುಕೊಂಡಿದ್ದನ್ನೋ?"

ನೋಡಿದೆ, ಅವಳು ಹೇಳಿದ್ದು ಸರಿ. ಆದರೆ ಆ ಹಾಡು ಅಲ್ಲಿ ಹಿಂದೆ ಸರಿಯಬೇಕಿತ್ತು. ಯಾರೋ ಕೆಟ್ಟದಾಗಿ ಮಿಕ್ಸ್ ಮಾಡಿದ್ದಾರೆ. ತಿದ್ದಿ ಕಳಿಸಿದೆ. ಸ್ವಲ್ಪ ಬೇಜಾರಾಯಿತು, ಅವಳಿಗೆ ಕ್ಷಮಿಸಿ ಎಂದು ಬರೆಯಲಿಲ್ಲ.

ಜೂನ್ 18

ಗಡ್ಡ ಇವತ್ತು ಬಾಂಬು ಹಾಕಿದ.

"ಸರ್, ಕೊನೇ ಹಾಡಿಗೆ ಅದೇ ನೂಲು ಬೇಕು. ಹೋದ ಚಿತ್ರದ್ದು. ಅದನ್ನೇ ಎತ್ತಿ ಹಾಕೋದಲ್ಲ, ಜನ ಬೈತಾರೆ. ಹೊಸದಾಗಿ ಮಾಡಿ. ಇನ್ನೂ ತೆಳ್ಳಗೆ."

"ಮಾಡೋಣ," ಅಂದರು ನನ್ನ ಗಂಡ.

ಮನೆಗೆ ಬಂದು ಷೂ ಕಳಚದೆ ಕೂತರು. ಮಧ್ಯಾಹ್ನದ ಬಿಸಿಲು ನೆಲದ ಮೇಲಿತ್ತು. ಅತ್ತೆ ಒಳಗೆ ಮಲಗಿದ್ದರು.

"ಹೇಗಿತ್ತೇ ಅದು?"

"ಯಾವುದು?"

"ಆಟ ಆಡಬೇಡ."

ಇಷ್ಟು ತಿಂಗಳು ಅವರು ಹೇಳಲಿ ಎಂದು ಕಾದಿದ್ದೆ. ಹೇಳಿದಾಗ ಹೇಗಿರುತ್ತದೆಂದು ಕಲ್ಪಿಸಿಕೊಂಡೂ ಇದ್ದೆ. ನಾನು ಅಳುತ್ತೇನೆ, ಅವರು ಅಳುತ್ತಾರೆ, ಇನ್ನೇನೋ. ಆದದ್ದು ಬೇರೆ. ನಾನು ಹಲ್ಲುಗಳ ನಡುವೆ ಉಸಿರು ಬಿಟ್ಟು, ಮೂಗಿನಲ್ಲಿ ಎಳೆದು, ಆ ಸದ್ದು ಮಾಡಿದೆ. ಸುಮಾರಾಗಿ ಬಂತು. ಅವರು ನನ್ನ ಬಾಯಿಯನ್ನೇ ನೋಡಿದರು.

"ಮಾಡ್ತಿದ್ದೀಯಾ?"

ತಲೆಯಾಡಿಸಿದೆ. ಹತ್ತಿರ ಬಂದು ನನ್ನ ಕೆನ್ನೆಯ ಮೇಲೆ ಬೆರಳಿಟ್ಟರು, ಆಮೇಲೆ ಗಂಟಲ ಮೇಲೆ. ನಾನು ಉಸಿರು ಮುಗಿಯುವ ತನಕ ಮಾಡಿದೆ. ಮತ್ತೆ ಎಳೆದುಕೊಂಡು ಮತ್ತೆ ಮಾಡಿದೆ.

"ಏನೋ ನಡುಗುತ್ತೆ ಬೆರಳಿಗೆ," ಅಂದರು. "ಅಷ್ಟೇ. ಇದಕ್ಕಾ ಅವರೆಲ್ಲ ಹಾಗೆ ಬರೆದಿದ್ದು?"

"ಫ್ರಿಜ್ಜು ರೀ ಅದು. ಹಳೇ ಫ್ರಿಜ್ಜು."

"ಗೊತ್ತು. ಗಡ್ಡ ಅವತ್ತೇ ಹೇಳಿದನಲ್ಲ." ಕೈ ತೆಗೆದರು. "ನೀನು ಯಾಕೆ ಹೇಳಲಿಲ್ಲ?"

"ನೀವು ಯಾಕೆ ಹೇಳಲಿಲ್ಲ?"

ಅತ್ತೆ ಒಳಗಿನಿಂದ ಕೂಗಿದರು, "ಏನದು ಆವಾಗಿಂದ ಸುಂಯ್ ಸುಂಯ್ ಅಂತ? ಸೊಳ್ಳೆ ಬಂದಿದೆಯಾ?"

ಅವರು ನನ್ನನ್ನು ನೋಡಿದರು, ಅಮ್ಮ ಏನಂದರೆಂದು. ನಾನು ಹೇಳಲಿಲ್ಲ.

ಜೂನ್ 25

ಕೊನೆಯ ಹಾಡಿನ ಸದ್ದು ನಾನೇ ಮಾಡಿದೆ. ಗಾಜಿನ ಲೋಟದ ಅಂಚಿನ ಮೇಲೆ ಒದ್ದೆ ಬೆರಳು ಎಳೆದು ಧ್ವನಿಮುದ್ರಿಸಿ, ಹಿಂದುಮುಂದು ಮಾಡಿ, ಅರ್ಧಕ್ಕೆ ತೆಳ್ಳಗಾಗಿಸಿದೆ. ಗಡ್ಡ ಕಣ್ಣು ಮುಚ್ಚಿ ಕೇಳಿದ. "ಸರ್, ನೀವು ಮನುಷ್ಯರಲ್ಲ" ಅಂದ. ನನ್ನ ಗಂಡ ಸುಮ್ಮನೆ ಕೂತಿದ್ದರು. ಎಲ್ಲರೂ ಅದನ್ನು ವಿನಯ ಅಂದುಕೊಂಡರು.

ಉಳಿದ ಭಾಗಗಳನ್ನು ನಮಗೆ ಬಿಟ್ಟು ಗಡ್ಡ ಮುಂದಿನ ಚಿತ್ರಕ್ಕೆ ಜಾಗ ನೋಡಲು ಹೊರಟಿದ್ದಾನೆ. ಅದನ್ನೂ ನಮಗೇ ಕೊಡುತ್ತಾನಂತೆ.

ಜುಲೈ 3

"ಸಾಕು ಕಣೆ," ಅಂದರು ಇವತ್ತು ತಿಂಡಿಯ ಹೊತ್ತಿಗೆ. "ಹೇಳಿಬಿಡೋಣ. ಡಾಕ್ಟರ ಹತ್ರ ಹೋಗ್ತೀನಿ, ಅಮ್ಮನ ಥರ ಯಂತ್ರ ಹಾಕ್ಕೋತೀನಿ. ಕೆಲಸ ಹೋದ್ರೆ ಹೋಗ್ಲಿ."

ಇದಕ್ಕಾಗಿಯೇ ನಾನು ಕಾದದ್ದಲ್ಲವೇ. ಆದರೆ ಹೊತ್ತು ಗೊತ್ತು ನೋಡಬೇಕು. ಚಿತ್ರ ನಡುವಿನಲ್ಲಿದೆ. ಈಗ ಹೇಳಿದರೆ ಬೇರೆ ಯಾರನ್ನೋ ಕರೆಸುತ್ತಾರೆ, ಅವನು ಬಂದು ಎಲ್ಲವನ್ನೂ ಕೆದಕುತ್ತಾನೆ, ಗೇಟಿನ ಚಿಲಕದ ಮೇಲೆ ಹಾಡು ಹೇರುತ್ತಾನೆ. ಗಡ್ಡನಿಗೂ ನಷ್ಟ. ಇದನ್ನೆಲ್ಲ ಸಮಾಧಾನವಾಗಿ ಹೇಳಿದೆ.

"ಚಿತ್ರ ಮುಗೀಲಿ ಅಂತೀಯಾ?"

"ಮುಗೀಲಿ."

"ನಿನಗೆ ಕಷ್ಟ ಆಗ್ತಿದೆ ಅಂದ್ಕೊಂಡಿದ್ದೆ."

"ಆಗ್ತಿದೆ. ಏನ್ಮಾಡೋದು."

ಡಾಕ್ಟರ ವಿಷಯವೂ ಅಷ್ಟೇ. ಅಲ್ಲಿ ನಮ್ಮವರು ಯಾರಾದರೂ ಕಂಡರೆ ಸುದ್ದಿ ಹಬ್ಬುತ್ತದೆ. ಮುಂದಿನ ತಿಂಗಳು ನೋಡೋಣ ಅಂದೆ.

ಜುಲೈ 11

ಕ್ಯಾಪ್ಷನ್ ಕೆಲಸ ಸದ್ಯಕ್ಕೆ ಬೇಡವೆಂದು ಬರೆದು ಕಳಿಸಿದೆ. ಸಮಯ ಸಾಲುತ್ತಿಲ್ಲ. ಕೆಂಪಕ್ಕ ಒಂದೇ ಸಾಲು ಬರೆದಳು: "ನೀವು ಒಳ್ಳೇ ಕಿವಿ ಇದ್ದವರು, ಯಾರಿಗೆ ಕೊಟ್ಟಿರಿ?" ತಮಾಷೆ ಇರಬೇಕು.

ಜುಲೈ 15

ಅತ್ತೆ ತರಕಾರಿ ಹೆಚ್ಚುತ್ತ ಅಂದರು, "ನನ್ನ ಮಗನ ಕಿವಿ ಹೋದದ್ದು ನನಗೆ ಗೊತ್ತಮ್ಮ. ಹೆತ್ತವಳಲ್ವಾ. ನಿನ್ನೆ ಅವನು ನಿನ್ನ ಹತ್ರ ಎರಡು ಸಲ ಏನೋ ಕೇಳಿದ, ನೀನು ಹೂಂ ಅಂದಿದ್ದು ಬಿಟ್ರೆ ಮುಖ ಎತ್ತಲಿಲ್ಲ. ಅವನಿಗೆ ಕೇಳಿಸೋದಿಲ್ಲ, ನಿನಗೇನಾಗಿದೆ?"

"ಕೆಲಸ ಅತ್ತೆ."

"ಯಾರ ಕೆಲಸ?" ಅಂದರು. ನಾನು ನಕ್ಕೆ. ವಯಸ್ಸಾಗಿದೆ.

ಜುಲೈ 20

ಅವರು ಗಡ್ಡನಿಗೆ ಕಾಗದ ಬರೆದಿದ್ದಾರೆ. ಅಂಟು ಹಾಕದೆ ನನ್ನ ಕೈಗೆ ಕೊಟ್ಟರು. "ಓದಿ, ಅಂಚೆಗೆ ಹಾಕು. ಫೋನಲ್ಲಿ ಹೇಳಿದ್ರೆ ಅವನು ಏನಂದ ಅಂತ ನನಗೆ ಗೊತ್ತಾಗಲ್ಲ. ಮೆಸೇಜಲ್ಲಿ ಹೇಳೋ ಮಾತಲ್ಲ ಇದು. ನೀನೇ ಹಾಕಬೇಕು. ನಾನು ಹಾಕಿದ್ರೆ ಡಬ್ಬಿ ತನಕ ಹೋಗಿ ವಾಪಸ್ ಬರ್ತೀನಿ."

ಓದಿದೆ. ಒಂದೇ ಪುಟ. ಮೂರು ವರ್ಷದಿಂದ ಕಿವಿ ಹೋಗಿದೆ, ಸಣ್ಣ ಸದ್ದುಗಳು ಕೇಳಿಸುವುದಿಲ್ಲ, ಹೋದ ಚಿತ್ರದ ಆ ಸದ್ದು ನಾನು ಇಟ್ಟದ್ದಲ್ಲ, ಫ್ರಿಜ್ಜಿನದು, ನಿನ್ನ ಅನುಮಾನವೇ ಸರಿ, ಹೊಗಳಿಸಿಕೊಂಡದ್ದಕ್ಕೆ ನಾಚಿಕೆಯಿದೆ, ಮುಂದಿನ ಚಿತ್ರಕ್ಕೆ ಬೇರೆಯವರನ್ನು ನೋಡಿಕೋ. ಅಕ್ಷರ ದುಂಡಗಿದೆ, ಒಂದು ಕಡೆಯೂ ಹೊಡೆದು ಹಾಕಿಲ್ಲ.

ಇಡೀ ಕಾಗದದಲ್ಲಿ ನಾನಿಲ್ಲ. ಚಿಲಕವಿಲ್ಲ, ಲೋಟವಿಲ್ಲ. ಇಷ್ಟು ತಿಂಗಳು ಅವರ ಎಡಗಡೆ ಒಂದು ಕುರ್ಚಿಯಿತ್ತು ಎಂಬುದೂ ಇಲ್ಲ. ನನ್ನನ್ನು ಉಳಿಸಲೆಂದು ಬಿಟ್ಟಿರಬಹುದು. ಸುಳ್ಳಿನಲ್ಲಿ ನನ್ನ ಹೆಸರು ಬೇಡವೆಂದು ಇರಬಹುದು. ಒಳ್ಳೆಯ ಮನುಷ್ಯರು. ನಾನು ಮೂರು ಸಲ ಓದಿದೆ, ಎಲ್ಲಾದರೂ ಕಣ್ಣು ತಪ್ಪಿದೆಯೇನೋ ಎಂದು.

ಸಂಜೆ ಕೇಳಿದರು, "ಹಾಕಿದೆಯಾ?"

ನಾನು ಬಾಯಿ ತೆರೆದು ಏನೋ ಅಂದೆ. ಏನಂದೆನೆಂದು ನನಗೇ ಸ್ಪಷ್ಟವಿಲ್ಲ, ತೀರ ಮೆಲ್ಲಗೆ ಅಂದೆ. ಅವರು ನನ್ನ ಮುಖ ನೋಡಿ ಸಮಾಧಾನವಾದಂತೆ ತಲೆಯಾಡಿಸಿದರು.

ಕಾಗದ ಇಲ್ಲೇ ಇದೆ. ಹಾಕುವುದಿಲ್ಲವೆಂದೇನೂ ಅಲ್ಲ. ಮಿಕ್ಸಿಂಗ್ ಮುಗಿಯುವುದು ಇಪ್ಪತ್ತೆಂಟಕ್ಕೆ. ಅದಾದ ಮರುದಿನ ಹಾಕಿದರೆ ಯಾರಿಗೂ ತೊಂದರೆಯಿಲ್ಲ. ಆದರೆ ಇಪ್ಪತ್ತೊಂಬತ್ತಕ್ಕೆ ಗಡ್ಡ ಮುಂದಿನ ಚಿತ್ರದ ಮಾತಿಗೆ ಮನೆಗೆ ಬರುತ್ತಾನೆ, ಅವನು ಎದುರಿಗಿದ್ದಾಗ ಅವನ ಹೆಸರಿಗೆ ಅಂಚೆ ಹಾಕುವುದು ಚೆನ್ನಾಗಿರುವುದಿಲ್ಲ. ಅವನ ಮಾತೂ ಪೂರ್ತಿಯಾಗಲಿ.

ಆಗಸ್ಟ್ ಹದಿನಾಲ್ಕು, ಸೋಮವಾರ. ಅವತ್ತು ಹಾಕುತ್ತೇನೆ.